ಹತ್ತನೇ ತರಗತಿ ಮುಗಿದ ಮೇಲೆ



ಅತ್ತ ಮಕ್ಕಳೂ ಅಲ್ಲದ, ಇತ್ತ ದೊಡ್ಡವರೂ ಆಗದ ನಮ್ಮ ಮನೆಯ ಹುಡುಗ ಹುಡುಗಿಯರ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. 10ರಿಂದ 19 ವರ್ಷದವರನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯದವರೆಂದು ಎಣಿಸುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಇವರ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚು ಕಡಿಮೆ ಒಂದೇ. ‘ಹೇಳಿದ ಮಾತು ಕೇಳಂಗಿಲ್ಲ’, ‘ಹೊತ್ತು ಹೊಂಟ್ರೆ ಮೊಬೈಲು’, ‘ಓದು ತಲಿಗೆ ಹತ್ತವಲ್ದು’. ಈ ದೂರುಗಳಲ್ಲಿ ನಿಜವೂ ಇರಬಹುದು. ಆದರೆ ಹರೆಯದ ಮಕ್ಕಳ ಸುಖದುಃಖವನ್ನು ರೂಪಿಸುವುದು ಅವರ ಗುಣ ಸ್ವಭಾವವೊಂದೇ ಅಲ್ಲ. ಕಾಲುವೆಗೆ ನೀರು ಬಂತೇ, ಊರಿಗೆ ಬಸ್ಸು ಬಂತೇ, ಮಧ್ಯಾಹ್ನ ಊಟ ಸಿಕ್ಕಿತೇ, ಮನೆಯಲ್ಲಿ ಮದುವೆಯ ಮಾತು ಎದ್ದಿತೇ, ಅಳು ಬಂದಾಗ ಕೇಳುವವರು ಯಾರಾದರೂ ಇದ್ದರೇ, ಇವೆಲ್ಲ ಸೇರಿ ಅವರ ಬದುಕನ್ನು ಕಟ್ಟುತ್ತವೆ ಇಲ್ಲವೇ ಕೆಡವುತ್ತವೆ. ಈ ಎಲ್ಲ ಎಳೆಗಳೂ ಒಟ್ಟಿಗೆ ಬಂದು ಬಿಗಿಯುವ ಒಂದು ಹೊತ್ತಿದೆ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ದಿನದಿಂದ ಜೂನ್‌ನಲ್ಲಿ ಕಾಲೇಜು ತೆರೆಯುವವರೆಗಿನ ಆ ಎರಡು ಮೂರು ತಿಂಗಳು ನಮ್ಮ ಭಾಗದ ಅದೆಷ್ಟೋ ಮಕ್ಕಳ ಮುಂದಿನ ಬದುಕನ್ನು ತೀರ್ಮಾನಿಸಿಬಿಡುತ್ತವೆ. ಆ ತಿಂಗಳುಗಳನ್ನು ನಾವು ಕಾಯಬೇಕು ಎಂಬುದೇ ನನ್ನ ಇಂದಿನ ಮಾತಿನ ಸಾರ.

ಮೊದಲು ಈ ಮಕ್ಕಳು ಬೆಳೆಯುವ ನೆಲವನ್ನು ನೋಡೋಣ. ಬಳ್ಳಾರಿ ಕಡೆಯಿಂದ ಬಂದರೆ ಮೂರೂ ಪಟ್ಟಣಗಳು ಒಂದೇ ಹೆದ್ದಾರಿಯಲ್ಲಿ ಸಿಗುತ್ತವೆ. ಮೊದಲು ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾಮಸೂರಿ ನೆಲ್ಲು, ರೈಸ್ ಮಿಲ್ಲುಗಳು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪುಗಳು. ಇಲ್ಲಿನ ಒಂದೇ ತರಗತಿಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಮಾತಾಡುವ ಮಕ್ಕಳು ಕೂತಿರುತ್ತಾರೆ. ಮುಂದೆ ಮಸ್ಕಿ: ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕಾದದ್ದು, ಬಹಳಷ್ಟು ಊರುಗಳಲ್ಲಿ ಮಳೆಯನ್ನೇ ನಂಬಿದ ಹತ್ತಿ, ತೊಗರಿ, ಸಜ್ಜೆ. ಆಮೇಲೆ ಲಿಂಗಸುಗೂರು: ಒಂದು ಕಡೆ ಹಟ್ಟಿಯ ಚಿನ್ನದ ಗಣಿ, ಒಂದು ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮತ್ತೊಂದು ಕಡೆ ಒಣ ಬೇಸಾಯದ ಊರು, ತಾಂಡಾಗಳು.

ಈ ನೆಲದ ಬೇಸಾಯದ ಲೆಕ್ಕ ನೇರವಾಗಿ ಶಾಲೆಯ ಹಾಜರಿ ಪುಸ್ತಕಕ್ಕೆ ಬಂದು ಮುಟ್ಟುತ್ತದೆ. ಕಾಲುವೆಗೆ ನೀರು ಬಂದರೆ ನೆಲ್ಲು ಹಚ್ಚಲು ಆಳು ಬೇಕು. ಹತ್ತಿ ಅರಳಿದರೆ ಬಿಡಿಸಲು ಕೈ ಬೇಕು. ಬೀಜದ ಹತ್ತಿಯ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳುಗಳೇ ಬೇಕೆಂದು ಹುಡುಕುತ್ತಾರೆ. ಇನ್ನು ನೀರು ಬಾರದ ವರ್ಷ ಗುಳೆ: ಬೆಂಗಳೂರು, ಹೈದರಾಬಾದ್, ಪುಣೆಯ ಕಟ್ಟಡ ಕೆಲಸ. ಬೆಳೆ ಬಂದರೂ ಮಕ್ಕಳು ಶಾಲೆ ತಪ್ಪಿಸುತ್ತಾರೆ, ಬಾರದಿದ್ದರೂ ತಪ್ಪಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಡದಂಡೆಯ ಮನೆಗಳಲ್ಲಿ ದೊಡ್ಡವರು ಬೆಳೆಯ ಚಿಂತೆ ಮಾಡಿದರು. ಇಂಥ ಹೊತ್ತಿನಲ್ಲಿ ಅದೇ ಮನೆಯ ಹರೆಯದ ಮಕ್ಕಳು ‘ಈ ಸಲ ನನ್ನ ಸಾಲಿ ಬಿಡಿಸ್ತಾರೇನೋ’ ಎಂದು ಚಿಂತಿಸುತ್ತಾರೆ. ಆ ಚಿಂತೆಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಹದಿಹರೆಯದ ಕ್ಷೇಮವೆಂದರೆ ಕಾಯಿಲೆ ಇಲ್ಲದಿರುವುದು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಇತರ ಅಂಗಗಳೂ ಸೇರಿ 2020ರಲ್ಲಿ ಇದಕ್ಕೆ ಐದು ಆಧಾರಗಳನ್ನು ಗುರುತಿಸಿದವು. ಒಳ್ಳೆಯ ಆರೋಗ್ಯ ಮತ್ತು ಆಹಾರ, ಜನರೊಂದಿಗೆ ನಂಟು ಮತ್ತು ತಾನೂ ಸಮಾಜಕ್ಕೆ ಬೇಕಾದವನು ಎಂಬ ಭಾವ, ಸುರಕ್ಷತೆ, ಕಲಿಕೆ ಮತ್ತು ದುಡಿಮೆಯ ಕೌಶಲ, ತನ್ನ ಬದುಕಿನ ಬಗ್ಗೆ ತಾನೇ ನಿರ್ಧರಿಸುವ, ಬಿದ್ದರೆ ಏಳುವ ಬಲ. ಈ ಐದರಲ್ಲಿ ಯಾವುದೂ ತಾನಾಗಿಯೇ ಬರುವಂಥದಲ್ಲ, ಯಾರಾದರೂ ಒದಗಿಸಬೇಕು.

ಆಹಾರದಿಂದಲೇ ಶುರುಮಾಡೋಣ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಗಂಡುಮಕ್ಕಳಲ್ಲೂ ಶೇ. 31.1ರಷ್ಟು ಮಂದಿಗೆ ಇದೆ. ರಕ್ತ ಕಡಿಮೆಯಾದ ಹುಡುಗಿಗೆ ಮೆಟ್ಟಿಲು ಹತ್ತಿದರೆ ತೇಕು, ಪಾಠ ಕೇಳುವಾಗ ತೂಕಡಿಕೆ, ಮಾತುಮಾತಿಗೆ ಸಿಟ್ಟು. ನಾವು ಅದನ್ನು ಸೋಮಾರಿತನ ಎನ್ನುತ್ತೇವೆ. ತಿಂಗಳ ಮುಟ್ಟು, ಬೆಳೆಯುವ ಮೈ, ಹೊಲದ ಕೆಲಸ ಮೂರೂ ಸೇರಿ ಕಬ್ಬಿಣದ ಅಂಶವನ್ನು ಬಸಿದುಕೊಳ್ಳುತ್ತವೆ. ಸಜ್ಜಿ ರೊಟ್ಟಿಯಲ್ಲಿ ಬಿಳಿ ಅನ್ನಕ್ಕಿಂತ ಹಲವು ಪಟ್ಟು ಕಬ್ಬಿಣವಿದೆ. ನೆಲ್ಲಿನ ನಾಡಿನಲ್ಲಿ ಸಜ್ಜೆ ಗಂಗಾಳದಿಂದ ದೂರವಾಗಿದೆ. ಅದನ್ನು ಮತ್ತೆ ತರಬೇಕು. ಜೊತೆಗೆ ಪುಂಡಿಪಲ್ಯ, ಮೊಳಕೆ ಕಟ್ಟಿದ ಹೆಸರುಕಾಳು, ಶೇಂಗಾ ಹಿಂಡಿ, ಮೇಲೊಂದಿಷ್ಟು ನಿಂಬೆರಸ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇರಲಿ.

ಶಾಲೆಯಲ್ಲಿ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ, ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಊಟವಾದ ಮೇಲೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆಯೂ ತಪ್ಪಬಾರದು. ಇನ್ನೊಂದು ಮಾತು ನೀರಿನದು. ನಮ್ಮ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದರಿಂದ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳುತ್ತದೆ. ಹರೆಯದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿಯುತ್ತಾಳೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಪಂಚಾಯಿತಿಯ ದುರಸ್ತಿ ಪಟ್ಟಿಯ ಒಂದು ಸಾಲು ಮಾತ್ರವಲ್ಲ, ಮಕ್ಕಳ ಆತ್ಮವಿಶ್ವಾಸಕ್ಕೆ ಬಿದ್ದ ಪೆಟ್ಟು.

ಈಗ ಹತ್ತನೇ ತರಗತಿಯ ಮಾತಿಗೆ ಬರುತ್ತೇನೆ. ಬಿಸಿಯೂಟ ನಮ್ಮ ರಾಜ್ಯದಲ್ಲಿ ಮೊದಲು ಶುರುವಾದದ್ದೇ 2002ರಲ್ಲಿ, ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಮೊದಲು ಬಂದದ್ದೂ ಈ ಭಾಗದ ಶಾಲೆಗಳಿಗೇ, ಮಕ್ಕಳ ಅಪೌಷ್ಟಿಕತೆ ಇಲ್ಲಿ ಹೆಚ್ಚೆಂಬ ಕಾರಣಕ್ಕೆ. ಊಟ, ಹಾಲು, ಮೊಟ್ಟೆ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಹತ್ತನೇ ತರಗತಿಯವರೆಗೆ ಸಿಗುತ್ತವೆ. ಪರೀಕ್ಷೆ ಮುಗಿದ ದಿನ ಇವೆಲ್ಲ ಒಟ್ಟಿಗೇ ನಿಲ್ಲುತ್ತವೆ. ಊರ ಶಾಲೆ ಮುಗಿಯಿತು, ಕಾಲೇಜು ಇರುವುದು ಪಟ್ಟಣದಲ್ಲಿ. ವಸತಿ ಶಾಲೆಯಲ್ಲಿದ್ದವರಲ್ಲಿ ಬಹಳ ಮಂದಿ ಪೆಟ್ಟಿಗೆ ಹೊತ್ತು ಊರಿಗೆ ಮರಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14ಕ್ಕೇ ಮುಗಿದಿರುತ್ತದೆ. ಹದಿನಾರರ ಹುಡುಗ ಹುಡುಗಿಗೆ ಆಸರೆ ಹೆಚ್ಚು ಬೇಕಾದ ಹೊತ್ತಿನಲ್ಲೇ ನಾವೆಲ್ಲರೂ ಒಟ್ಟಿಗೆ ಕೈಬಿಡುತ್ತೇವೆ.

ಆ ಬೇಸಿಗೆಯಲ್ಲಿ ಏನೇನು ನಡೆಯುತ್ತದೆ ನೋಡಿ. ಏಪ್ರಿಲ್, ಮೇ ಎಂದರೆ ಜಾತ್ರೆ, ಲಗ್ನ, ಸಾಮೂಹಿಕ ಮದುವೆಗಳ ಕಾಲ. ಹೊಲದಲ್ಲಿ ಕೆಲಸವಿಲ್ಲ, ಗುಳೆ ಹೋದವರು ಊರಿಗೆ ಬಂದಿರುತ್ತಾರೆ, ಬಂಧುಬಳಗ ಒಂದೆಡೆ ಸೇರುತ್ತದೆ. ‘ಹುಡುಗಿ ಹತ್ತನೇತ್ತ ಮುಗಿಸ್ಯಾಳ, ಮನ್ಯಾಗ ಎಷ್ಟ್ ದಿನ ಇಟ್ಕೊಂತೀರಿ’ ಎಂಬ ಮಾತು ಆಗಲೇ ಬರುತ್ತದೆ. ಗುಳೆ ಹೋಗುವ ತಾಯಿತಂದೆಗೆ ಪ್ರಾಯಕ್ಕೆ ಬಂದ ಮಗಳನ್ನು ಯಾರ ಬಳಿ ಬಿಡುವುದು ಎಂಬ ಭಯ. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದುವೆ ಉತ್ತರವಲ್ಲ. ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹದಿನಾರರ ಮೈ ಹೆರಿಗೆಗೆ ಸಿದ್ಧವಿಲ್ಲ. ರಕ್ತ ಕಡಿಮೆಯಿದ್ದರೆ ತಾಯಿಗೂ ಕೂಸಿಗೂ ಅಪಾಯ. ಅದಕ್ಕಿಂತ ಮೊದಲೇ, ತನ್ನ ಬದುಕಿನ ಮೇಲೆ ತನಗೆ ಮಾತಿಲ್ಲ ಎಂಬ ನೋವು ಆ ಹುಡುಗಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಬಾಲ್ಯವಿವಾಹ ತಡೆಯುವ ದಾರಿಯನ್ನು ರಾಜ್ಯಕ್ಕೆ ತೋರಿಸಿದವರಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರಿದ್ದಾರೆ. ದೇವದುರ್ಗ ತಾಲ್ಲೂಕಿನ ಮಲದಕಲ್ಲಿನವರಾದ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ 2016ರಲ್ಲಿ ಕೇಂದ್ರದ ಕಾಯ್ದೆಗೆ ತನ್ನದೇ ತಿದ್ದುಪಡಿ ಮಾಡಿತು. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಅಂದರೆ ತಾಳಿ ಕಟ್ಟಿದರೂ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಸುದ್ದಿ ಗೊತ್ತಾದವರು 1098ಕ್ಕೆ ಕರೆ ಮಾಡಿದರೆ ಸಾಕು. ಹುಡುಗಿಯೇ ಕರೆ ಮಾಡಬಹುದು, ಅವಳ ಗೆಳತಿಯೂ ಮಾಡಬಹುದು. ದೇವದಾಸಿ ಪದ್ಧತಿಯ ವಿರುದ್ಧ 1982ರಲ್ಲೇ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆದರೂ ಆ ತಾಯಂದಿರ ಮಕ್ಕಳು ಕಾಲೇಜಿನ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ತಲೆ ತಗ್ಗಿಸುವುದು ತಪ್ಪಿಲ್ಲ. ಅರ್ಜಿ ತುಂಬಿಸಿಕೊಳ್ಳುವವರೇ, ಆ ಕ್ಷಣದಲ್ಲಿ ನಿಮ್ಮ ದನಿ ಮೆತ್ತಗಿರಲಿ, ತಾಯಿಯ ಹೆಸರನ್ನು ಗೌರವದಿಂದ ಬರೆದುಕೊಳ್ಳಿ.

ಗಂಡುಮಕ್ಕಳ ಪಾಡು ಬೇರೆ ಬಗೆಯದು. ಹತ್ತರಲ್ಲಿ ಫೇಲಾದ ಹುಡುಗನಿಗೆ ಟ್ರ್ಯಾಕ್ಟರ್ ಸ್ಟೇರಿಂಗು, ಇಲ್ಲವೇ ಬೆಂಗಳೂರಿನ ಬಸ್ಸು. ಹದಿನೈದು ಹದಿನಾರರ ಹುಡುಗ ದುಡಿದು ತಂದ ಮೊದಲ ಪಗಾರ ಮನೆಗೆ ಹೆಮ್ಮೆ ತರುತ್ತದೆ. ಆದರೆ ಶೆಡ್ಡಿನಲ್ಲಿ ದೊಡ್ಡವರ ನಡುವೆ ಮಲಗುವ ಆ ಹುಡುಗನಿಗೆ ಗುಟ್ಕಾ, ಕುಡಿತ, ಮೊಬೈಲಿನ ಜೂಜು ಕಲಿಸುವವರು ಬಹಳ ಮಂದಿ, ಬೈದು ತಿದ್ದುವವರು ಯಾರೂ ಇಲ್ಲ. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. ಹದಿನೆಂಟು ತುಂಬದ, ಲೈಸೆನ್ಸ್ ಇಲ್ಲದ ಮಗನ ಕೈಗೆ ಬೈಕ್ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ಮೋಟಾರು ವಾಹನ ತಿದ್ದುಪಡಿ ಹೇಳುತ್ತದೆ. ಕಾನೂನಿನ ಭಯಕ್ಕಿಂತ ಹೆಚ್ಚಾಗಿ, ಒಂದು ತಪ್ಪಿದ ತಿರುವಿನಲ್ಲಿ ಮಗನನ್ನೇ ಕಳೆದುಕೊಳ್ಳಬಹುದೆಂಬ ಎಚ್ಚರ ನಮಗಿರಬೇಕು.

ಇನ್ನು ಮನಸ್ಸಿನ ಮಾತು. ಜಗತ್ತಿನ ಹದಿಹರೆಯದ ಏಳು ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹೆಸರು ಪಟ್ಟಿಯ ಕೊನೆಯಲ್ಲಿರುವುದನ್ನು ಟಿ.ವಿ.ಯಲ್ಲಿ ನೋಡುತ್ತೇವೆ. ಅದನ್ನು ನಮ್ಮ ಮಕ್ಕಳೂ ನೋಡುತ್ತಾರೆ, ‘ನಾವು ಇಷ್ಟೇ’ ಎಂದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದಲ್ಲಿ ಇದಕ್ಕಿಂತ ಕಡಿಮೆ ಇದ್ದದ್ದು ಯಾದಗಿರಿಯಲ್ಲಿ ಮಾತ್ರ. ಎಂದರೆ ಇಲ್ಲಿ ಹತ್ತನೇ ತರಗತಿಗೆ ಕೂತ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲಿಗರು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದೆ ಅಲ್ಲಿಯವರೆಗೆ ಬಂದದ್ದೇ ದೊಡ್ಡದು. ಫೇಲಾದರೆ ಅಲ್ಲಿಗೆ ಮುಗಿಯಿತು ಎನ್ನುವ ಕಾಲವೂ ಈಗಿಲ್ಲ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಫಲಿತಾಂಶದ ದಿನ ಮಗುವಿಗೆ ಹೇಳಬೇಕಾದ ಮೊದಲ ಮಾತು ಅದೇ: ‘ಇರಲಿ ಬಿಡವ್ವಾ, ಇನ್ನೊಮ್ಮೆ ಬರಿಯೂಣು.’

ಮಗು ಊಟ ಬಿಟ್ಟಿತೇ, ನಿದ್ದೆ ಕೆಟ್ಟಿತೇ, ಗೆಳೆಯರನ್ನು ತೊರೆಯಿತೇ, ತನಗೆ ಪ್ರಿಯವಾದ ವಸ್ತುಗಳನ್ನು ಹಂಚತೊಡಗಿತೇ, ‘ನಾನಿದ್ದು ಏನಾಗ್ಬೇಕಾಗೇದ’ ಎಂದಿತೇ, ಆಗ ಗದರಬೇಡಿ, ಪಕ್ಕ ಕುಳಿತು ಕೇಳಿ. ಕೇಳಿದರೆ ಮನಸ್ಸಿನಲ್ಲಿ ಇಲ್ಲದ್ದು ಹುಟ್ಟೀತು ಎಂಬ ಭಯ ಬೇಡ. ಕೇಳುವುದರಿಂದ ಅವರ ಭಾರ ಇಳಿಯುತ್ತದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್‌ನ ಆಪ್ತಸಲಹೆಗಾರರು ಕನ್ನಡದಲ್ಲೇ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡುತ್ತಾರೆ. ಹಣ ಕೊಡಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮುಟ್ಟಿನ ನೋವು, ಮೊಡವೆ, ಚಟ, ಭಯ, ಯಾರಾದರೂ ಮೈಮುಟ್ಟಿ ಹಿಂಸೆ ಕೊಟ್ಟದ್ದು, ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳಬಹುದು. ಮತ್ತೊಂದು ಮಾತನ್ನು ರೈತ ಮನೆಗಳಿಗೆ ಕೈಮುಗಿದು ಹೇಳುತ್ತೇನೆ. ನೆಲ್ಲಿಗೆ, ಹತ್ತಿಗೆ ಹೊಡೆಯುವ ಕೀಟನಾಶಕ ಎಣ್ಣೆಯ ಡಬ್ಬಿಗಳನ್ನು ಮನೆಯಲ್ಲಿ ಬಿಡಬೇಡಿ. ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೀಗದ ಕೈ ಹಿರಿಯರೊಬ್ಬರ ಹತ್ತಿರ ಇರಲಿ. ಮಿತಿಮೀರಿದ ದುಃಖದ ಗಳಿಗೆ ಸಾಮಾನ್ಯವಾಗಿ ಬಹಳ ಹೊತ್ತು ಇರುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಅಪಾಯ ಸಿಗದಿದ್ದರೆ ಜೀವ ಉಳಿಯುತ್ತದೆ.

ಮಕ್ಕಳಿಗೆ ನಂಟೂ ಬೇಕು, ನಲಿವೂ ಬೇಕು. ಇದರಲ್ಲಿ ನಮ್ಮ ನೆಲ ಬಡವಲ್ಲ. ಮುದಗಲ್ಲಿನ ಮೊಹರಂಗೆ ಹಿಂದೂ ಮುಸ್ಲಿಮರೆನ್ನದೆ ಊರಿಗೆ ಊರೇ ಸೇರುತ್ತದೆ, ದೂರದಲ್ಲಿ ದುಡಿಯುವವರೂ ಆ ಹಬ್ಬಕ್ಕೆ ಬರುತ್ತಾರೆ. ಬನದ ಹುಣ್ಣಿಮೆಯ ಹೊತ್ತಿಗೆ ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ. ಅಲಾಯಿ ಹೆಜ್ಜೆ ಹಾಕುವ, ತೇರು ಎಳೆಯುವ ಹುಡುಗನಿಗೆ ‘ನಾನೂ ಈ ಊರಿನವನು’ ಎಂಬ ಬಲ ಬರುತ್ತದೆ. ಮೊಬೈಲ್ ಬಿಡಿಸಬೇಕೆಂದರೆ ಬರೀ ಬೈದರೆ ಆಗದು, ಅದರ ಬದಲಿಗೆ ಆಟದ ಬಯಲು, ಕಬಡ್ಡಿ ತಂಡ, ಭಜನೆ, ಪಂಚಾಯಿತಿಯ ಅರಿವು ಕೇಂದ್ರದ ಪುಸ್ತಕ ಕೊಡಬೇಕು. ಆದರೆ ಹೆಣ್ಣುಮಕ್ಕಳ ಆಟ ಎಲ್ಲಿ? ಮೈನೆರೆದ ಮೇಲೆ ಅವಳ ಓಡಾಟ ಮನೆ, ನಳ, ಹೊಲಕ್ಕೆ ಸೀಮಿತವಾಗುತ್ತದೆ. ಶಾಲೆಯ ಮೈದಾನದಲ್ಲಿ ಸಂಜೆ ಒಂದು ತಾಸು ಹುಡುಗಿಯರು ಖೋಖೋ ಆಡಲಿ, ಊರ ತಾಯಂದಿರು ಅಲ್ಲಿ ಕುಳಿತು ನೋಡಲಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಹಾಗಾದರೆ ಆ ಬೇಸಿಗೆಯನ್ನು ಕಾಯುವುದು ಹೇಗೆ? ಪ್ರೌಢಶಾಲೆಯ ಮುಖ್ಯಶಿಕ್ಷಕರಲ್ಲಿ ನನ್ನ ವಿನಂತಿ: ಹತ್ತನೇ ತರಗತಿಯ ಮಕ್ಕಳ ಪಟ್ಟಿಯನ್ನು ಪರೀಕ್ಷೆ ಮುಗಿದ ದಿನ ಕಪಾಟಿನಲ್ಲಿ ಇಡಬೇಡಿ. ಜೂನ್ ಮುಗಿಯುವವರೆಗೆ ಆ ಪಟ್ಟಿಯ ಒಂದೊಂದು ಹೆಸರಿನ ಮುಂದೆ ಆ ಮಗು ಎಲ್ಲಿದೆ ಎಂದು ಬರೆಯಿರಿ. ಅದರ ಒಂದು ಪ್ರತಿ ಪಂಚಾಯಿತಿಗೆ, ಒಂದು ಆಶಾ ಕಾರ್ಯಕರ್ತೆಗೆ ಕೊಡಿ. ಪಂಚಾಯಿತಿಯವರೇ, ಮೆಟ್ರಿಕ್ ನಂತರದ ಹಾಸ್ಟೆಲ್ಲಿನ ಅರ್ಜಿಯನ್ನು ತುಂಬಿಸಿಕೊಡಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ಮೊದಲೇ ಮಾಡಿಸಿಕೊಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಆದರೆ ಕಾಲೇಜಿನ ಹೊತ್ತಿಗೆ ಊರಿಗೆ ಬಸ್ಸೇ ಬಾರದಿದ್ದರೆ ಆ ಉಚಿತದಿಂದ ಏನು ಫಲ? ಬಸ್ಸಿನ ವೇಳೆಯನ್ನು ಕೇಳಿ ಪಡೆಯಿರಿ. ಪಿಯುಸಿ ಒಂದೇ ದಾರಿಯಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಿ. ಹತ್ತು ಪಾಸಾದವರಿಗೆ ಐಟಿಐ ಇದೆ, ಲಿಂಗಸುಗೂರಿನಲ್ಲೇ ಸರ್ಕಾರದ ಜಿಟಿಟಿಸಿ ತರಬೇತಿ ಕೇಂದ್ರವಿದೆ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯನ್ನು ಫೋಟೋಕ್ಕಾಗಿ ಮಾಡಬೇಡಿ. ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಹುಡುಗಿ ಎದ್ದುನಿಂತು ಹೇಳಿದರೆ, ಮುಂದಿನ ಸಭೆಯೊಳಗೆ ಬಾಗಿಲು ಬಂದಿರಲಿ. ತನ್ನ ಮಾತಿಗೆ ಬೆಲೆಯಿದೆ ಎಂಬುದು ಆ ಹುಡುಗಿಗೆ ಪುಸ್ತಕದಿಂದ ತಿಳಿಯುವುದಿಲ್ಲ, ಆ ಬಾಗಿಲಿನಿಂದ ತಿಳಿಯುತ್ತದೆ.

ತಾಯಿತಂದೆಯರಿಗೆ ಒಂದೇ ಕೋರಿಕೆ. ಹದಿನೆಂಟರವರೆಗೆ ಮಗನಾಗಲಿ ಮಗಳಾಗಲಿ, ಓದುವ ಇಲ್ಲವೇ ಕಸುಬು ಕಲಿಯುವ ಜಾಗದಲ್ಲಿರಲಿ. ಗುಳೆ ಹೋಗಲೇಬೇಕಾದರೆ ಹಾಸ್ಟೆಲ್ಲಿನಲ್ಲಿ, ಅಜ್ಜಿಯ ಮನೆಯಲ್ಲಿ, ನಂಬಿಕೆಯ ನೆರೆಯವರಲ್ಲಿ ಬಿಟ್ಟು ಹೋಗಿ. ದಿನಕ್ಕೊಮ್ಮೆ ಫೋನ್ ಮಾಡಿ. ಅಂಕ ಎಷ್ಟು ಬಂತೆಂದು ಕೇಳುವ ಮೊದಲು ಊಟ ಮಾಡಿದಿಯಾ ಎಂದು ಕೇಳಿ.

ಕೊನೆಯದಾಗಿ, ಈ ಮಾತು ಕೇಳುತ್ತಿರುವ ಹರೆಯದ ತಮ್ಮ ತಂಗಿಯರೇ, ನಿಮಗೆ. ನಿಮ್ಮ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಎಂಬವರು ಚಿನ್ನದ ಜಾಡು ಹುಡುಕುವಾಗ ಒಂದು ಬಂಡೆಗಲ್ಲಿನ ಶಾಸನ ಕಂಡರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಹೆಸರು ಹಿಡಿದು ಹೇಳಿದ್ದು ಆ ಬಂಡೆ. ದೊಡ್ಡವರಿಗೆ ಮಾತ್ರ ಎತ್ತರದ ಗುರಿ ದಕ್ಕುತ್ತದೆಂದು ತಿಳಿಯಬೇಡಿ, ಸಣ್ಣವರಿಗೂ ಅದು ಸಾಧ್ಯ ಎಂಬುದು ಅದರಲ್ಲಿರುವ ಸಂದೇಶ. ಎರಡು ಸಾವಿರ ವರ್ಷಕ್ಕೂ ಹಿಂದೆ ನಿಮ್ಮ ಊರಿನ ಜನಕ್ಕೆ ಹೇಳಿದ ಮಾತು ಅದು. ನಿಮ್ಮ ತೊಂದರೆಯನ್ನು ನಿಮ್ಮೊಳಗೇ ಮುಚ್ಚಿಡಬೇಡಿ. ಒಬ್ಬ ಟೀಚರ್, ಒಬ್ಬ ಅಕ್ಕ, ಒಬ್ಬ ಮಾವ ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ, ಕೇಳುವವರು ಸಿಗುವವರೆಗೂ ಹೇಳಿ. 1098, 14416 ಈ ಎರಡು ಸಂಖ್ಯೆಗಳನ್ನು ಇವತ್ತೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳಿ, ಬೆಂಚಿನ ಪಕ್ಕದವರಿಗೂ ಬರೆಸಿ.

ದೊಡ್ಡವರೇ, ಈ ವರ್ಷ ನಿಮ್ಮ ಓಣಿಯಲ್ಲಿ ಹತ್ತನೇ ತರಗತಿ ಬರೆಯುತ್ತಿರುವ ಮಕ್ಕಳು ಯಾರು ಯಾರು? ಅವರ ಹೆಸರು ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ. ನಿಮ್ಮ ಮಕ್ಕಳಲ್ಲದ ಒಂದು ಮಗುವಿನ ಹೊಣೆಯನ್ನು ಜೂನ್‌ವರೆಗೆ ನೀವು ಹೊತ್ತರೆ, ಮೂರು ತಾಲ್ಲೂಕುಗಳಲ್ಲಿ ಒಂದು ಮಗುವೂ ದಾರಿ ತಪ್ಪಿ ಉಳಿಯಬೇಕಿಲ್ಲ.